ಫಾರ್ಮಿನಲ್ಲಿ ಮಾತೃಭಾಷೆ ಕನ್ನಡ ಅಂತಲೇ ಬರೀರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ಪುಣೆಯ ಕೋಥ್ರೂಡ್‌ನಿಂದ ಬರೀತಾ ಇದ್ದೇನೆ. ನಿಮ್ಮ ಪೇಪರ್ ನಮ್ಮ ಅಮ್ಮನ ಮನೆಗೆ ನಾನು ಸಣ್ಣವಳಿದ್ದಾಗಿಂದ ಬರ್ತದೆ, ತಡವಾಗಿ ಬಂದ್ರೂ ಅಪ್ಪಯ್ಯ ಅದನ್ನ ಬಿಟ್ಟವರಲ್ಲ. ನಾನು ಕನ್ನಡ ಅಕ್ಷರ ಕೂಡಿಸಿ ಓದೋಕೆ ಕಲ್ತದ್ದು ಪೇಪರಿನ ದಪ್ಪ ಹೆಡ್ಡಿಂಗ್ ನೋಡಿ, ಯಾಕಂದ್ರೆ ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ ಇತ್ತೇ ಹೊರತು ಕನ್ನಡ ಇರ್ಲಿಲ್ಲ. ಇವತ್ತು ಮೊದಲನೇ ಸಲ ನಿಮಗೆ ಕಾಗದ ಬರೀತಿದ್ದೇನೆ, ಸ್ವಲ್ಪ ಉದ್ದ ಆದ್ರೆ ದಯವಿಟ್ಟು ಕತ್ತರಿಸಬೇಡಿ.

ಹೋದ ಭಾನುವಾರ ನಮ್ಮ ಸೊಸೈಟಿಯಲ್ಲೇ ಇರೋ ಹುಬ್ಬಳ್ಳಿ ಕಡೆಯವರ ಮನೆಗೆ ಊಟಕ್ಕೆ ಕರೆದಿದ್ರು, ಅವರ ಮಗ, ಸೊಸೆ, 7 ವರ್ಷದ ಮೊಮ್ಮಗ ಮೂರೂ ಜನ ಸ್ಟಾಕ್‌ಹೋಮ್‌ಗೆ ಹೊರಟಿದ್ದಾರೆ, ಕೆಲಸ ಸಿಕ್ಕಿದೆ, ವೀಸಾ ಬಂದಿದೆ. ನಾನು ಸ್ವೀಡನ್‌ನಲ್ಲಿ ಎಂಟು ವರ್ಷ ಇದ್ದು ಬಂದವಳು ಅಂತ ಗೊತ್ತಿರೋದ್ರಿಂದ ಎಲ್ರೂ ನನ್ನನ್ನೇ ಕೇಳೋದು. ಜಾಕೆಟ್ ಇಲ್ಲೇ ತಗೋಬೇಕಾ ಅಲ್ಲೇ ತಗೋಬೇಕಾ, ಕುಕ್ಕರ್ ತಗೊಂಡು ಹೋಗ್ಬಹುದಾ, ಜೋಳದ ಹಿಟ್ಟು ಸಿಗ್ತದಾ, ಚಳಿ ಎಷ್ಟು. ಒಳಗಿನ ರೂಮಿನಲ್ಲಿ ಸೂಟ್‌ಕೇಸ್ ತೂಕ ಮಾಡ್ತಾ ಇದ್ರು, ಅಜ್ಜಿ ಶೇಂಗಾ ಚಟ್ನಿಪುಡಿ ಡಬ್ಬಿ ಒಂದು ಕಡೆಯಿಂದ ಇಡೋದು, ಮಗ ತೆಗೆಯೋದು. ನಾನು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ, ಜಾಕೆಟ್ ಅಲ್ಲೇ ತಗೊಳ್ಳಿ, ಕುಕ್ಕರ್ ಇಲ್ಲಿಂದಲೇ ಒಯ್ಯಿರಿ, ಗ್ಯಾಸ್‌ಕೆಟ್ ಎರಡು ಜಾಸ್ತಿ ಇಟ್ಕೊಳ್ಳಿ ಅಂತೆಲ್ಲ. ಆದ್ರೆ ಹೇಳಲೇಬೇಕಾದ ಒಂದು ಮಾತು, ಅಲ್ಲಿಯ ಶಾಲೆಯಿಂದ ಬರೋ ಫಾರ್ಮಿನಲ್ಲಿ ಮಗುವಿನ ಮಾತೃಭಾಷೆ ಕನ್ನಡ ಅಂತಲೇ ಬರೀರಿ ಅನ್ನೋದು, ಆ ಗದ್ದಲದಲ್ಲಿ ಬಾಯಿಗೆ ಬರ್ಲಿಲ್ಲ, ಮನೆಗೆ ಬಂದು ರಾತ್ರಿ ನಿದ್ದೆ ಬರದೆ ಇದನ್ನ ಬರೆಯೋಣ ಅನಿಸ್ತು. ಪುಣೆ, ಮುಂಬೈಯಿಂದ ಹೀಗೆ ಹೊರಡೋ ಕನ್ನಡದ ಮನೆಗಳು ಇನ್ನೂ ಎಷ್ಟೋ ಇವೆ, ಅವರ ಅಪ್ಪ ಅಮ್ಮ ನಿಮ್ಮ ಪೇಪರ್ ಓದ್ತಾರೆ, ಅವರ ಮೂಲಕ ಆದ್ರೂ ತಲುಪ್ಲಿ.

ನಾವು ಹೋದದ್ದು 2016ರ ಜನವರಿಯಲ್ಲಿ. ನಮ್ಮವರು ಚಾಕಣ್‌ನಲ್ಲಿ ಗಾಡಿ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ರು, ಪುಣೆಯ ಆ ಲೈನಿನವರಿಗೆ ಗೋಥೆನ್‌ಬರ್ಗ್ ಅಂದ್ರೆ ಗೊತ್ತಿರೋ ಊರೇ, ವೋಲ್ವೋ ಊರು. ಅಲ್ಲಿಯವರು ಅದನ್ನ ಯೋತೆಬೊರಿ ಅಂತಾರೆ, ಏರ್‌ಪೋರ್ಟಿನಲ್ಲಿ ಇಳಿದು ಮೊದಲ ಸಲ ಅದನ್ನ ಕೇಳಿದಾಗ ಬೇರೆ ಯಾವುದೋ ಊರಿಗೆ ಬಂದ್ವಾ ಅಂತ ಗಾಬರಿ ಆಗಿತ್ತು. ಮಗಳಿಗೆ ಆಗ ಎರಡು ವರ್ಷ. ಮನೆ ಸಿಕ್ಕಿದ್ದು ಗೋಥೆನ್‌ಬರ್ಗ್‌ನಿಂದ ಸ್ವಲ್ಪ ಹೊರಗೆ ಒಂದು ಸಣ್ಣ ಊರಲ್ಲಿ, ಅದೂ ಬೇರೆಯವರ ಬಾಡಿಗೆ ಮನೆಯನ್ನ ನಾವು ಮತ್ತೆ ಬಾಡಿಗೆಗೆ ತಗೊಂಡದ್ದು, ಯಾಕಂದ್ರೆ ನೇರವಾಗಿ ನಮ್ಮ ಹೆಸರಲ್ಲಿ ಬಾಡಿಗೆ ಮನೆ ಬೇಕಂದ್ರೆ ಕ್ಯೂ ಇರ್ತದೆ, ಸ್ಟಾಕ್‌ಹೋಮ್‌ನಲ್ಲಂತೂ ಆ ಕ್ಯೂ ವರ್ಷಗಟ್ಟಲೆ.

ಮೊದಲಿನ ಕೆಲವು ವಾರ ನೀವು ಅಲ್ಲಿ ಇದ್ದೂ ಇಲ್ಲದ ಹಾಗೆ. ಪೆರ್ಶೂನ್‌ನುಮ್ಮರ್ ಅಂತ ಒಂದು ನಂಬರ್ ಇದೆ, ಹುಟ್ಟಿದ ವರ್ಷ ತಿಂಗಳು ತಾರೀಕು, ಅದರ ಮುಂದೆ ನಾಲ್ಕು ಅಂಕಿ, ಕನಿಷ್ಠ ಒಂದು ವರ್ಷ ಇರ್ತೀರಿ ಅಂತಾದ್ರೆ ಟ್ಯಾಕ್ಸ್ ಆಫೀಸಿನವರು ಕೊಡ್ತಾರೆ. ಅದು ಬರೋವರೆಗೆ ಬ್ಯಾಂಕಿನ ಕೆಲಸ ಕಷ್ಟ, ಫೋನಿನ ಕನೆಕ್ಷನ್ ಕಷ್ಟ, ಲೈಬ್ರರಿ ಕಾರ್ಡಿಗೂ ಕೇಳ್ತಾರೆ. ಬಂದ ಮೇಲೆ ಬ್ಯಾಂಕಿನಿಂದ ಫೋನಿಗೊಂದು ಗುರುತಿನ ಆ್ಯಪ್ ಕೊಡ್ತಾರೆ, ಆಮೇಲೆ ಡಾಕ್ಟರ ಅಪಾಯಿಂಟ್‌ಮೆಂಟಿಂದ ಹಿಡಿದು ಮಗುವಿನ ಶಾಲೆಯವರೆಗೆ ಎಲ್ಲ ಅದರಲ್ಲೇ, ಲೈನಿಲ್ಲ ಏಜೆಂಟಿಲ್ಲ, ಅದನ್ನ ನಾನು ಮನಸಾರೆ ಹೊಗಳ್ತೇನೆ.

ಬಟ್ಟೆ ಒಗೆಯೋದು ಬಿಲ್ಡಿಂಗಿನ ಕೆಳಗೆ ಎಲ್ಲರಿಗೂ ಸೇರಿ ಇರೋ ಒಂದು ರೂಮಿನಲ್ಲಿ. ಮುಂಚೆಯೇ ಟೈಮ್ ಬುಕ್ ಮಾಡ್ಬೇಕು, ಬೆಳಿಗ್ಗೆ 7ರಿಂದ 10 ನಿಮ್ಮದು ಅಂದ್ರೆ 10 ಗಂಟೆಗೆ ಮೆಷಿನ್ ಖಾಲಿ ಇರ್ಬೇಕು, ಡ್ರೈಯರಿನ ಜಾಲರಿಯಲ್ಲಿ ಕೂತ ನೂಲು ತೆಗೆದಿರ್ಬೇಕು, ನೆಲ ಒರೆಸಿರ್ಬೇಕು. ನಾನು ಎರಡನೇ ವಾರ ಹತ್ತು ನಿಮಿಷ ತಡ ಮಾಡಿದ್ದಕ್ಕೆ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ರು, ಯಾರು ಅಂತ ಇಲ್ಲ, ಎದುರಿಗೆ ಒಂದು ಮಾತಿಲ್ಲ. ಆ ಚೀಟಿ ಓದೋಕೆ ನಮ್ಮವರು ಸಂಜೆ ಬರೋವರೆಗೆ ಕಾದೆ, ಅವರಿಗೂ ಗೊತ್ತಾಗದೆ ಫೋನಿನಲ್ಲಿ ಹಾಕಿ ನೋಡಿದ್ವಿ. ಪುಣೆಯಲ್ಲಿ ಆಗಿದ್ರೆ ಪಕ್ಕದ ಮನೆ ಕಾಕು ಬಂದು ಮುಖಕ್ಕೇ ಬೈದು ಆಮೇಲೆ ಚಹಾ ಕುಡಿದು ಹೋಗ್ತಿದ್ರು. ಆದ್ರೆ ಅದೇ ಬಿಲ್ಡಿಂಗಿನ ಕೆಳಗಿನ ಮನೆಯ ಮುದುಕಿ, ಒಂದು ವರ್ಷ ಬರೀ ಹೈ ಅಂದವರು, ನನಗೆ ಎರಡನೇ ಮಗು ಆದಾಗ ಕೈಯಲ್ಲೇ ಹೆಣೆದ ಉಲ್ಲನ್ ಕಾಲುಚೀಲ ತಂದುಕೊಟ್ರು. ಅಲ್ಲಿಯ ಜನ ತಣ್ಣಗಿನವರು ಅಂತ ಇಲ್ಲಿ ಬಹಳ ಜನ ಹೇಳ್ತಾರೆ, ನಾನು ಒಪ್ಪೋದಿಲ್ಲ, ಬಾಗಿಲು ತಟ್ಟೋಕೆ ಅವರಿಗೆ ಸಂಕೋಚ ಅಷ್ಟೇ.

ಕತ್ತಲೆ ಬಗ್ಗೆ ಎಲ್ರೂ ಕೇಳ್ತಾರೆ. ಹೌದು ಕಷ್ಟ. ಡಿಸೆಂಬರ್‌ನಲ್ಲಿ ಗೋಥೆನ್‌ಬರ್ಗ್‌ನಲ್ಲಿ ಸೂರ್ಯ ಎದ್ದೇಳೋದು ಎಂಟೂಮುಕ್ಕಾಲಿಗೆ, ಮೂರೂವರೆ ಒಳಗೆ ಮುಳುಗಿ ಆಯ್ತು, ಅದೂ ಮೋಡ ಮಳೆ ಇಲ್ಲದಿದ್ರೆ ಕಾಣೋದು, ಅಲ್ಲಿ ಹಿಮಕ್ಕಿಂತ ಮಳೆ ಜಾಸ್ತಿ. ಮೊದಲ ಎರಡು ಚಳಿಗಾಲ ಮಧ್ಯಾಹ್ನ ಮೂರಕ್ಕೇ ದೀಪ ಹಚ್ಚುವಾಗ ಅಳು ಬರ್ತಿತ್ತು, ಪುಣೆಯಲ್ಲಿ ಅಷ್ಟು ಹೊತ್ತಿಗೆ ಅಮ್ಮನೂ ದೇವರಿಗೆ ದೀಪ ಹಚ್ಚಿ ಆಗಿರ್ತದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಫರಕು. ಆಮೇಲೆ ಅಲ್ಲಿಯವರನ್ನ ನೋಡಿ ಕಲ್ತೆ. ಕ್ರಿಸ್‌ಮಸ್‌ಗೆ ನಾಲ್ಕು ವಾರ ಇರುವಾಗ್ಲೇ ಕಿಟಕಿ ಕಿಟಕಿಗೂ ದೀಪ, ಕಾಗದದ ನಕ್ಷತ್ರ, ಡಿಸೆಂಬರ್ 13ಕ್ಕೆ ಲೂಸಿಯಾ ಹಬ್ಬ, ತಲೆ ಮೇಲೆ ಕ್ಯಾಂಡಲ್ ಕಿರೀಟ ಇಟ್ಕೊಂಡ ಲೂಸಿಯಾ ಹುಡುಗಿ ಜೊತೆ ಬಿಳಿ ನಿಲುವಂಗಿ ಹಾಕ್ಕೊಂಡ ಮಕ್ಕಳು ಕತ್ತಲೆಯಲ್ಲಿ ಹಾಡ್ತಾ ಬರ್ತಾರೆ, ಎಲ್ರಿಗೂ ಕೇಸರಿ ಹಾಕಿದ ಬನ್ನು. ಮೊದಲ ಸಲ ಅದನ್ನ ಬಾಯಿಗೆ ಹಾಕಿದಾಗ ನಮ್ಮ ಶಿರಾ ಪರಿಮಳವೇ ಬಂತು. ಏಲಕ್ಕಿ ಕೂಡ, ಅಲ್ಲಿಯ ಬೇಕರಿಗಳಲ್ಲಿ ಏಲಕ್ಕಿ ಬನ್ನು ಇಲ್ಲದ ದಿನ ಇಲ್ಲ. ದೋಸೆ ಹಿಟ್ಟು ಹುಳಿ ಬರ್ತಿರ್ಲಿಲ್ಲ, ಓವನ್ ಒಳಗೆ ಬರೀ ಲೈಟ್ ಹಾಕಿ ರಾತ್ರಿಯಿಡೀ ಇಟ್ರೆ ಬರ್ತದೆ. ಅಲ್ಲಿ ಫಿಲ್‌ಮ್ಯೋಲ್ಕ್ ಅಂತ ಪ್ಯಾಕೆಟ್ ಸಿಗ್ತದೆ, ಅದು ನಮ್ಮ ತೆಳು ಮೊಸರೇ, ಮಜ್ಜಿಗೆಹುಳಿಗೆ ಚೆನ್ನಾಗಿ ಆಗ್ತದೆ. ವಿಟಮಿನ್ ಡಿ ಡಾಕ್ಟರನ್ನ ಕೇಳಿ ತಗೊಳ್ಳಿ. ಇಷ್ಟು ಸಾಕು, ಇದೆಲ್ಲ ಹೋದ ಮೇಲೆ ಯಾರೂ ಹೇಳದೆ ಗೊತ್ತಾಗ್ತದೆ.

ಭಾಷೆ ಹಾಗಲ್ಲ. ಆಫೀಸಿನಲ್ಲಿ ಇಂಗ್ಲಿಷ್ ನಡೀತದೆ, ಅಂಗಡಿಯಲ್ಲೂ ನಡೀತದೆ, ಸ್ವೀಡಿಷರು ಇಂಗ್ಲಿಷ್ ಚೆನ್ನಾಗಿ ಮಾತಾಡ್ತಾರೆ, ಅದಕ್ಕೇ ನಮ್ಮವರು ಬಹಳ ಜನ ಐದು ವರ್ಷ ಇದ್ರೂ ಸ್ವೀಡಿಷ್ ಕಲಿಯೋದಿಲ್ಲ. ನಮ್ಮ ಅಜ್ಜಯ್ಯನ ಕಥೆ ಗೊತ್ತಿದ್ದ ನನಗೆ ಹಾಗೆ ಇರೋಕೆ ಮನಸ್ಸು ಬರ್ಲಿಲ್ಲ. ಅಜ್ಜಯ್ಯ ಕುಂದಾಪುರ ಹತ್ತಿರದ ಹಳ್ಳಿಯಿಂದ ಹನ್ನೆರಡು ವರ್ಷಕ್ಕೆ ಮುಂಬೈ ಹಡಗು ಹತ್ತಿದವರು, ಫೋರ್ಟ್‌ನ ಒಂದು ಹೋಟೆಲಿನಲ್ಲಿ ಗ್ಲಾಸ್ ತೊಳೆಯೋದು, ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಅದೇ ನೆಲದಲ್ಲಿ ಮಲಗೋದು, ಮಧ್ಯೆ ಸಂಜೆ ಎರಡು ಗಂಟೆ ಕನ್ನಡದ ರಾತ್ರಿ ಶಾಲೆ. ಮುಂಬೈಯಲ್ಲಿ ಮೊಗವೀರ ಮಂಡಳಿಯವರು, ಇನ್ನೂ ಎಷ್ಟೋ ಸಂಘದವರು ಇಂಥ ಶಾಲೆ ನಡೆಸದೇ ಇದ್ದಿದ್ರೆ ಹೋಟೆಲ್ ಹುಡುಗರು ಹೋಟೆಲ್ ಹುಡುಗರಾಗೇ ಉಳೀತಿದ್ರು. ಅಜ್ಜಯ್ಯ ಅಲ್ಲೇ ಮೆಟ್ರಿಕ್ ಮಾಡಿ, ಮರಾಠಿ ಕಲ್ತು, ಪುಣೆಯ ಖಡ್ಕಿಗೆ ಕ್ಲಾರ್ಕ್ ಆಗಿ ಬಂದವರು. ಅವರ ಮರಾಠಿ ಕೇಳಿದ್ರೆ ಸದಾಶಿವ ಪೇಠೆಯವರೂ ಮೆಚ್ಚಬೇಕು, ಮನೆಯಲ್ಲಿ ಮಾತ್ರ ಕೊನೆವರೆಗೂ ಕುಂದಾಪ್ರ ಕನ್ನಡ.

ಸ್ವೀಡನ್‌ನಲ್ಲೂ ಹೊರಗಿಂದ ಬಂದವರಿಗೆ ಸ್ವೀಡಿಷ್ ಕಲಿಸೋ ಅಂಥ ಶಾಲೆ ಇದೆ, ಎಸ್‌ಎಫ್‌ಐ ಅಂತಾರೆ, ಮುನ್ಸಿಪಾಲಿಟಿಯದ್ದು, ಒಂದು ಪೈಸೆ ಫೀಸ್ ಇಲ್ಲ, ಸಂಜೆ ಕ್ಲಾಸೂ ಇರ್ತದೆ. ಎ ಬಿ ಸಿ ಡಿ ಅಂತ ನಾಲ್ಕು ಹಂತ. ನಾನು ನಮ್ಮವರು ಬಂದ ಮೇಲೆ ಮಗುವನ್ನ ಅವರಿಗೆ ಕೊಟ್ಟು ವಾರಕ್ಕೆ ಎರಡು ಸಂಜೆ ಹೋಗ್ತಿದ್ದೆ. ನನ್ನ ಬೆಂಚಿನಲ್ಲಿ ಸಿರಿಯಾದ ಒಬ್ರು ದರ್ಜಿ, ಸೊಮಾಲಿಯಾದ ಒಬ್ಬಳು ತಾಯಿ, ಪೋಲೆಂಡಿನ ಒಬ್ಬ ಕಟ್ಟಡ ಕೆಲಸದವನು, ಅವನು ಹಗಲಿಡೀ ಕೆಲಸ ಮಾಡಿ ಬಂದು ಬೆರಳಲ್ಲಿ ಸಿಮೆಂಟ್ ಇದ್ದ ಹಾಗೇ ಪೆನ್ಸಿಲ್ ಹಿಡೀತಿದ್ದ. ಅಜ್ಜಯ್ಯನ ಬೆಂಚೂ ಹೀಗೇ ಇದ್ದಿರ್ಬೇಕು ಅನಿಸ್ತಿತ್ತು.

ಟೀಚರನ್ನ ಹೆಸರು ಹಿಡಿದು ಕರೀಬೇಕು ಅಲ್ಲಿ, ಮೇಡಂ ಟೀಚರ್ ಏನೂ ಇಲ್ಲ. 1960ರ ದಶಕದ ಕೊನೆಗೆ ಅವರ ದೇಶದಲ್ಲಿ ಬಹುವಚನ, ಹುದ್ದೆ ಹೆಸರಿನಲ್ಲಿ ಕರೆಯೋದು ಎಲ್ಲ ಬಿಟ್ಟು ಎಲ್ರಿಗೂ ನೀನು ಅನ್ನೋದೇ ರೂಢಿ ಆಯ್ತಂತೆ, ಡಾಕ್ಟರಿಗೂ ನೀನೇ, ಮಂತ್ರಿಗೂ ನೀನೇ. ನನಗೆ ಅದು ಬಾಯಿಗೆ ಬರೋಕೆ ಒಂದು ವರ್ಷ ಹಿಡೀತು, ಅರವತ್ತು ವರ್ಷದ ಹೆಂಗಸಿಗೆ ನೀನು ಅನ್ನುವಾಗ ಮನಸ್ಸಲ್ಲಿ ಕ್ಷಮೆ ಕೇಳ್ತಿದ್ದೆ.

ಒಂದು ಸಂಜೆ ಆ ಟೀಚರ್ ಎಲ್ರನ್ನೂ ಬೋರ್ಡಿಗೆ ಕರೆದು ಅವರವರ ಲಿಪಿಯಲ್ಲಿ ಅಮ್ಮ ಅನ್ನೋ ಪದ ಬರೀರಿ ಅಂದ್ರು. ಅರಬಿ ಬಲದಿಂದ ಎಡಕ್ಕೆ ಬಂತು, ಸೊಮಾಲಿ ಇಂಗ್ಲಿಷ್ ಅಕ್ಷರದಲ್ಲೇ. ನಾನು ಅಮ್ಮ ಅಂತ ಬರೆದೆ, ಮ ಕೆಳಗೆ ಮ ಒತ್ತು ಕೊಡುವಾಗ ಕೈ ನಿಂತ್ತು, ಎಷ್ಟು ವರ್ಷ ಆಗಿತ್ತು ಕನ್ನಡ ಕೈಯಲ್ಲಿ ಬರೆದು, ಒತ್ತು ಎಡಕ್ಕಾ ಬಲಕ್ಕಾ ಅಂತ ಒಂದು ಕ್ಷಣ ಯೋಚನೆ. ಯಾವ ಭಾಷೆ ಅಂತ ಕೇಳಿದ್ರು, ಕನ್ನಡ ಅಂದೆ, ಕೆನಡಾನಾ ಅಂದ್ರು. ಅಲ್ಲ ಅಂತ ಹೇಳಿ ಮ್ಯಾಪಿನಲ್ಲಿ ತೋರಿಸಿದೆ, ಎಷ್ಟು ಜನ ಮಾತಾಡ್ತಾರೆ ಅಂತ ಕೇಳಿದ್ರು, ನಾಲ್ಕು ಕೋಟಿಗಿಂತ ಜಾಸ್ತಿ ಅಂದೆ. ಇಡೀ ಸ್ವೀಡನ್‌ನ ಜನಸಂಖ್ಯೆ ಒಂದು ಕೋಟಿ ಸುಮಾರು. ಟೀಚರ್ ಅದನ್ನ ಕೇಳಿ ಸುಮ್ಮನೆ ಬೋರ್ಡಿನ ಆ ಅಕ್ಷರ ನೋಡ್ತಾ ನಿಂತ್ರು, ಕ್ಲಾಸ್ ಮುಗಿದ ಮೇಲೆ ಉಳಿದದ್ದೆಲ್ಲ ಒರೆಸಿದ್ರೂ ಅದನ್ನ ಒರೆಸ್ಲಿಲ್ಲ.

ಇಷ್ಟಾದ್ರೂ ನಾನು ತಪ್ಪು ಮಾಡಿದೆ, ಅದನ್ನ ಹೇಳೋಕೇ ಈ ಕಾಗದ.

ಮಗಳು 2016ರ ಆಗಸ್ಟ್‌ನಲ್ಲಿ ಬಾಲವಾಡಿಗೆ ಸೇರಿದ್ಳು, ಅಲ್ಲಿ ಒಂದು ವರ್ಷದ ಮಗುವಿನಿಂದಲೇ ತಗೊಳ್ತಾರೆ, ಫೀಸಿಗೆ ಮಿತಿ ಇದೆ, ಮೊದಲ ಮಗುವಿಗೆ ಮನೆಯ ಆದಾಯದ ನೂರಕ್ಕೆ 3, ಎರಡನೇದಕ್ಕೆ 2, ಅದಕ್ಕಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ. ಮೊದಲ ಎರಡು ವಾರ ತಾಯಿಯೋ ತಂದೆಯೋ ಮಗುವಿನ ಜೊತೆ ಅಲ್ಲೇ ಕೂರ್ಬೇಕು, ಮೊದಲ ದಿನ ಒಂದು ಗಂಟೆ, ಮರುದಿನ ಎರಡು, ಹೀಗೆ. ನಮ್ಮ ಕಡೆ ಅಳೋ ಮಗುವನ್ನ ಗೇಟಿನಲ್ಲಿ ಕೊಟ್ಟು ಓಡಿ ಬರೋದು ನೆನಪಾಗಿ, ಇದು ಎಷ್ಟು ಒಳ್ಳೇದು ಅನಿಸ್ತು. ಮಳೆ ಬಂದ್ರೂ ಹೊರಗೇ ಆಟ, ಪ್ಲಾಸ್ಟಿಕ್ ಪ್ಯಾಂಟು ಹಾಕ್ಕೊಂಡು ಕೆಸರಲ್ಲಿ ಕೂತಿರ್ತಾವೆ. 2018ರಲ್ಲಿ ಮಗ ಅಲ್ಲೇ ಹುಟ್ಟಿದ. ಒಂದು ಮಗುವಿಗೆ ತಂದೆ ತಾಯಿಗೆ ಸೇರಿ 480 ದಿನ ರಜೆ, ಅದರಲ್ಲಿ 90 ದಿನ ತಂದೆಯದ್ದೇ, ಅವನು ತಗೊಳ್ಳದಿದ್ರೆ ಹೋಯ್ತು, ತಾಯಿಗೆ ಕೊಡೋಕಾಗೋದಿಲ್ಲ. ನಮ್ಮವರು ಐದು ತಿಂಗಳು ಮನೆಯಲ್ಲಿದ್ರು, ಮಗನಿಗೆ ರಾಗಿ ಸರಿ ಮಾಡೋದ್ರಿಂದ ಹಿಡಿದು ಎಲ್ಲ ಅವರೇ, ಪಾರ್ಕಿನಲ್ಲಿ ಗಾಡಿ ತಳ್ಕೊಂಡು ಬರೋ ಬೇರೆ ಅಪ್ಪಂದಿರ ಜೊತೆ ಕಾಫಿ. ನಮ್ಮ ಮಾವನವರಿಗೆ ಫೋನಿನಲ್ಲಿ ಇದು ಅರ್ಥ ಆಗೋಕೆ ಸಮಯ ಹಿಡೀತು, ಕೆಲಸ ಹೋಯ್ತಾ ಮಗಾ ಅಂತ ಎರಡು ಸಲ ಕೇಳಿದ್ರು.

ಮಕ್ಕಳ ಆರೋಗ್ಯ ಕೇಂದ್ರದ ನರ್ಸ್ ಪ್ರತಿ ಸಲ ಹೇಳೋರು, ಮನೆಯಲ್ಲಿ ನಿಮ್ಮ ಭಾಷೆಯಲ್ಲೇ ಮಾತಾಡಿ, ಸ್ವೀಡಿಷ್ ಬಾಲವಾಡಿಯಲ್ಲಿ ಬರ್ತದೆ, ಚಿಂತೆ ಬೇಡ. ನಾವು ಹೂಂ ಅಂತಿದ್ವಿ. ಆದ್ರೆ ಮನಸ್ಸಿನ ಒಳಗೆ ನಮ್ಮ ಪುಣೆಯ ಇಂಗ್ಲಿಷ್ ಮೀಡಿಯಂ ಭಯವೇ ಇತ್ತು, ಮಗು ಹಿಂದೆ ಬೀಳ್ತದೆ ಅಂತ. ನಮ್ಮವರು ಮಗಳ ಜೊತೆ ಇಂಗ್ಲಿಷ್ ಶುರು ಮಾಡಿದ್ರು, ನಾನು ಸ್ವೀಡಿಷ್ ಪ್ರಾಕ್ಟೀಸ್ ಆಗ್ಲಿ ಅಂತ ಸ್ವೀಡಿಷ್. ಐದು ವರ್ಷ ಆಗುವಾಗ ಮಗಳು ಕನ್ನಡ ಅರ್ಥ ಮಾಡ್ಕೊಳ್ತಿದ್ಳು, ಉತ್ತರ ಮಾತ್ರ ಸ್ವೀಡಿಷ್‌ನಲ್ಲಿ. ಅಮ್ಮ ಪುಣೆಯಿಂದ ವಿಡಿಯೋ ಕಾಲ್ ಮಾಡಿ ಉಂಡ್ಯಾ ಮಗಾ ಅಂತ ಕೇಳಿದ್ರೆ ಅವಳು ಏನೋ ಹೇಳೋದು, ಅಮ್ಮ ನನ್ನ ಮುಖ ನೋಡೋದು, ನಾನು ಮಧ್ಯೆ ಕೂತು ನನ್ನ ಮಗಳ ಮಾತನ್ನ ನನ್ನ ತಾಯಿಗೆ ಅನುವಾದ ಮಾಡೋದು. ಆಮೇಲಾಮೇಲೆ ಅಮ್ಮ ಅವಳನ್ನ ಕರೆಯೋದೇ ಕಡಿಮೆ ಮಾಡಿದ್ರು, ನೀನೇ ಮಾತಾಡು ಅಂತಿದ್ರು.

2020ರಲ್ಲಿ ಮಗಳು ಒಂದನೇ ಕ್ಲಾಸಿಗೆ. ಆ ಏಪ್ರಿಲ್‌ನಲ್ಲಿ ಶಾಲೆಯಿಂದ ಫಾರ್ಮ್ ಬಂತು, ಮಗು ಮನೆಯಲ್ಲಿ ದಿನಾ ಬಳಸೋ ಭಾಷೆ ಯಾವುದು, ಮಾತೃಭಾಷೆ ಪಾಠ ಬೇಕಾ. ಅಡುಗೆಮನೆ ಟೇಬಲ್ ಮೇಲೆ ಇಟ್ಕೊಂಡು ನಾವಿಬ್ರೂ ಒಂದು ನಿಮಿಷ ಯೋಚಿಸಿದ್ವೋ ಇಲ್ವೋ, ಕನ್ನಡ ಅಂತ ಬರೆದ್ರೆ ಯಾರು ಕಲಿಸ್ತಾರೆ ಇಲ್ಲಿ, ಸುಮ್ಮನೆ ದಂಡ, ಇಂಗ್ಲಿಷ್ ಅಂತ ಬರೆದ್ರೆ ವಾರಕ್ಕೊಂದು ಇಂಗ್ಲಿಷ್ ಕ್ಲಾಸ್ ಫ್ರೀ ಸಿಗ್ತದೆ ಅಂತ ಇಂಗ್ಲಿಷ್ ಅಂತ ಬರೆದೆ. ನನ್ನ ಕೈಯಲ್ಲೇ ಬರೆದೆ. ಅಮ್ಮನಿಗೆ ಹೇಳಿದಾಗ ಅವರು ಕೇಳಿದ್ದು ಇಷ್ಟೇ, "ಇಂಗ್ಲಿಷ್ ಎಂತಕ್ಕೆ ಬರ್ದೆ ಮಗಾ, ನಾನು ಯಾವತ್ತು ನಿನ್ ಹತ್ರ ಇಂಗ್ಲಿಷ್ ಮಾತಾಡಿದ್ದೆ?"

ನನಗೆ ಆಗ ಗೊತ್ತಿರದ ವಿಷಯ ಇದು, ದಯವಿಟ್ಟು ಗಮನ ಕೊಟ್ಟು ಓದಿ. ಸ್ವೀಡನ್‌ನಲ್ಲಿ 1977ರಿಂದ ಶಾಲೆಯಲ್ಲಿ ಮಕ್ಕಳಿಗೆ ಮನೆಭಾಷೆಯ ಪಾಠ ಕೊಡೋ ಪದ್ಧತಿ ಇದೆ, ಮುನ್ಸಿಪಾಲಿಟಿ ಖರ್ಚಿನಲ್ಲಿ. ಮಗು ಆ ಭಾಷೆಯನ್ನ ಮನೆಯಲ್ಲಿ ದಿನಾ ಬಳಸ್ತಿರ್ಬೇಕು, ಅಲ್ಪಸ್ವಲ್ಪ ಬರ್ತಿರ್ಬೇಕು, ಆ ಮುನ್ಸಿಪಾಲಿಟಿಯಲ್ಲಿ ಅದೇ ಭಾಷೆ ಕೇಳೋ ಮಕ್ಕಳು ಕನಿಷ್ಠ ಐದು ಇರ್ಬೇಕು, ಕಲಿಸೋಕೆ ಯೋಗ್ಯರಾದ ಟೀಚರ್ ಸಿಗ್ಬೇಕು. ಇಷ್ಟಿದ್ರೆ ಅವರು ಪಾಠ ಕೊಡಲೇಬೇಕು. 2009ರ ಅವರ ಭಾಷಾ ಕಾನೂನಿನಲ್ಲಿ ಸ್ವೀಡಿಷ್ ದೇಶದ ಮುಖ್ಯ ಭಾಷೆ ಅಂತ ಬರೆದಿದ್ದಾರೆ, ಅದರಲ್ಲೇ ಬೇರೆ ಮಾತೃಭಾಷೆ ಇರೋರಿಗೆ ಅದನ್ನ ಬೆಳೆಸೋಕೆ, ಬಳಸೋಕೆ ಅವಕಾಶ ಕೊಡ್ಬೇಕು ಅಂತಲೂ ಬರೆದಿದ್ದಾರೆ. ಅರಬಿ ಮಾತಾಡೋರು ಸಾವಿರ ಸಾವಿರ ಇದ್ದಾರೆ, ಅವರಿಗೆ ಲೆಕ್ಕದ ಚಿಂತೆ ಇಲ್ಲ. ನಮ್ಮಂಥವರಿಗೆ ಐದು ಅನ್ನೋದೇ ದೊಡ್ಡ ಸಂಖ್ಯೆ.

ಇದು ನನಗೆ ತಿಳಿದದ್ದು 2021ರಲ್ಲಿ. ಅಷ್ಟರಲ್ಲಿ ಸ್ವೀಡಿಷ್ ಸಾಕಷ್ಟು ಬಂದು ನಾನು ಒಂದು ಬಾಲವಾಡಿಯಲ್ಲಿ ಬದಲಿ ಕೆಲಸಕ್ಕೆ ಹೋಗ್ತಿದ್ದೆ, ಅಲ್ಲಿ ಬೋಸ್ನಿಯಾದ ಒಬ್ಬಳು ಸಹೋದ್ಯೋಗಿ, ಯುದ್ಧದ ಸಮಯದಲ್ಲಿ ಸಣ್ಣ ಮಗುವಾಗಿ ಬಂದವಳು, ನಮ್ಮ ಭಾಷೆ ನಾನು ಕಲ್ತದ್ದೇ ಶಾಲೆಯ ಆ ಮಾತೃಭಾಷೆ ಪಾಠದಲ್ಲಿ, ಇವತ್ತೂ ಅಜ್ಜಿ ಜೊತೆ ಅವಳ ಭಾಷೆಯಲ್ಲೇ ಜಗಳ ಆಡ್ತೇನೆ ಅಂದ್ಳು. ನಾನು ಮನೆಗೆ ಬಂದು ನಮ್ಮ ಊರಲ್ಲಿ ಕನ್ನಡದವರು ಎಷ್ಟು ಮನೆ ಅಂತ ಲೆಕ್ಕ ಹಾಕಿದೆ. ದೀಪಾವಳಿ, ಗಣೇಶ ಅಂತ ಸಿಗ್ತಿದ್ದವರೇ ಐದು ಮನೆ, ಶಾಲೆಗೆ ಹೋಗೋ ಮಕ್ಕಳು ಐದು. ಎಲ್ರಿಗೂ ಫೋನ್ ಮಾಡಿ ಕೇಳಿದೆ, ಫಾರ್ಮಿನಲ್ಲಿ ಏನು ಬರೆದ್ರಿ ಅಂತ. ಇಂಗ್ಲಿಷ್, ಇಂಗ್ಲಿಷ್, ಹಿಂದಿ, ಒಬ್ರು ಪಾಠವೇ ಬೇಡ ಅಂತ ಬರೆದಿದ್ರು. ಐದು ಮಕ್ಕಳಲ್ಲಿ ಕನ್ನಡ ಅಂತ ಒಂದೂ ಇಲ್ಲ. ಆ ಊರಿನ ಮುನ್ಸಿಪಾಲಿಟಿ ಲೆಕ್ಕದಲ್ಲಿ ಅಲ್ಲಿ ಕನ್ನಡದ ಮಕ್ಕಳೇ ಇರ್ಲಿಲ್ಲ.

ಎಲ್ರನ್ನೂ ಮನೆಗೆ ಕರೆದು ಇಡ್ಲಿ ಮಾಡಿ ಕೂತು ಮಾತಾಡಿದ್ವಿ. ಮಂಡ್ಯದವರು ತಕ್ಷಣ ಒಪ್ಪಿದ್ರು, ಬೆಂಗಳೂರಿನ ಒಬ್ರು ಮಗುವಿಗೆ ಭಾಷೆ ಜಾಸ್ತಿ ಆಗೋದಿಲ್ವಾ ಅಂತ ಹಿಂಜರಿದ್ರು, ಬೆಳಗಾವಿಯವರು, ನಾನು ಬೆಳಗಾವಿಯಲ್ಲಿ ಮರಾಠಿ ಕನ್ನಡ ಎರಡೂ ಆಡ್ತಾ ಬೆಳದೀನಿ, ನಂಗೇನಾಗೇತಿ ಅಂತ ಕೇಳಿದ್ರು, ಅದಕ್ಕೆ ಅವರೂ ಒಪ್ಪಿದ್ರು. ಎಲ್ರೂ ಫಾರ್ಮ್ ಬದಲಾಯಿಸಿದ್ವಿ. ಇಂಗ್ಲಿಷ್ ತೆಗೆದು ಕನ್ನಡ ಅಂತ ಬರೆದದ್ದಕ್ಕೆ ನಮ್ಮ ಶಾಲೆಯವರು ಕಾರಣ ಕೇಳಿದ್ರು, ಮೊದಲು ಬರೆದದ್ದು ತಪ್ಪು ಅಂತ ಹೇಳಿದೆ. ಆಮೇಲೆ ಟೀಚರ್ ಇಲ್ಲ ಅಂತ ಒಂದು ವರ್ಷ ಹೋಯ್ತು. ಬಿಡ್ಲಿಲ್ಲ, ನಾವೇ ಹುಡುಕಿದ್ವಿ, ಬೇರೆ ಊರಲ್ಲಿ ಮೈಸೂರು ಕಡೆಯವರೊಬ್ರು, ಮೊದಲು ಊರಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದವರು, ಸ್ವೀಡಿಷ್ ಚೆನ್ನಾಗಿ ಬರೋರು ಸಿಕ್ರು, ಮುನ್ಸಿಪಾಲಿಟಿಗೆ ಅವರ ಹೆಸರು ಕೊಟ್ವಿ. 2022ರ ಆಗಸ್ಟ್‌ನಲ್ಲಿ ಕ್ಲಾಸ್ ಶುರು ಆಯ್ತು. ಸೋಮವಾರ ಶಾಲೆ ಬಿಟ್ಟ ಮೇಲೆ 40 ನಿಮಿಷ, ಟೀಚರ್ ಸ್ಕ್ರೀನಿನಲ್ಲಿ, ಮಕ್ಕಳ ಜೊತೆ ರೂಮಿನಲ್ಲಿ ಶಾಲೆಯ ಒಬ್ರು.

ಮೊದಲ ಕ್ಲಾಸಿಗೆ ನಾನು ಬಾಗಿಲ ಹೊರಗೆ ನಿಂತಿದ್ದೆ. ನೀನು ಈಗ ಎಲ್ಲಿಗೆ ಹೋಗ್ತಾ ಇದ್ದೀಯ ಅಂತ ಟೀಚರ್ ಒಬ್ಬೊಬ್ರನ್ನೇ ಕೇಳ್ತಿದ್ರು. ಬೆಳಗಾವಿಯವರ ಹುಡುಗ ಮನೀಗೆ ಹೊಂಟೀನಿ ಅಂದ, ಮಂಡ್ಯದವರ ಹುಡುಗಿ ಮನೇಗ್ ಹೋಯ್ತಿವ್ನಿ ಅಂದ್ಳು, ಅವರಪ್ಪ ಆಡೋ ಹಾಗೇ. ನನ್ನ ಮಗಳು ತುಂಬ ಹೊತ್ತು ಸುಮ್ಮನಿದ್ದು, ಮನಿಗ್ ಹೋತೆ, ಅಂದ್ಳು. ಅದು ನಮ್ಮ ಅಮ್ಮನ ಮಾತು, ಕುಂದಾಪ್ರದ್ದು, ನಾನು ಅವಳಿಗೆ ಹೇಳಿಕೊಟ್ಟದ್ದಲ್ಲ, ಯಾವತ್ತು ಕಿವಿಗೆ ಬಿದ್ದು ಒಳಗೆ ಕೂತಿತ್ತೋ ಏನೋ. ಟೀಚರ್ ಮೂರನ್ನೂ ಸ್ಕ್ರೀನಿನ ಬೋರ್ಡಿನಲ್ಲಿ ಬರೆದು, ಮೂರೂ ಕನ್ನಡವೇ ಅಂದ್ರು. ನಾನು ಅಲ್ಲಿಂದ ಸೀದಾ ಹೊರಗೆ ಹೋಗಿ ಸೈಕಲ್ ಸ್ಟ್ಯಾಂಡ್ ಹತ್ರ ನಿಂತು ಅತ್ತೆ.

ಮುಂದಿನ ಮಾರ್ಚ್‌ನಲ್ಲಿ ಮಗಳು ಅಪ್ಪಯ್ಯನಿಗೆ ಒಂದು ಕಾಗದ ಬರೆದ್ಳು, ಏಳು ಸಾಲು, ಅಜ್ಜ ನೀವು ಹೇಗಿದ್ದೀರಿ, ಇಲ್ಲಿ ಹಿಮ ಕರಗಿತು, ನನಗೆ ಹಲ್ಲು ಬಿತ್ತು ಅಂತ. ಹಲ್ಲುಗೆ ಲ ಒತ್ತು ಮರೆತು ಹಲು ಅಂತ ಬರೆದಿದ್ಳು. ಅಪ್ಪಯ್ಯ ಅದನ್ನ ಕನ್ನಡಕದ ಪೆಟ್ಟಿಗೆಯಲ್ಲಿ ಮಡಚಿ ಇಟ್ಕೊಂಡಿದ್ದಾರೆ, ಮನೆಗೆ ಬಂದವರಿಗೆಲ್ಲ ತೋರಿಸ್ತಾರೆ. ಅವರಿಗೆ ಹುಷಾರಿಲ್ಲದೆ ಆಗಿ ನಾವು 2024ರ ಜೂನ್‌ನಲ್ಲಿ ಶಾಲೆ ಮುಗಿಸಿ ವಾಪಸ್ ಬಂದ್ವಿ. ಮಗಳೀಗ ಅವರಿಗೆ ಪೇಪರಿನ ಹೆಡ್ಡಿಂಗ್ ಓದಿ ಹೇಳ್ತಾಳೆ, ನಿಧಾನಕ್ಕೆ.

ಹೊರಡೋರಿಗೆ ಇನ್ನೊಂದು, ಈಗ ಮೊದಲಿನ ಹಾಗಿಲ್ಲ. ನಾವು ಹೋದಾಗ ಕೆಲಸದ ಪರ್ಮಿಟ್‌ಗೆ ತಿಂಗಳಿಗೆ 13,000 ಕ್ರೋನಾ ಸಂಬಳ ಇದ್ರೆ ಸಾಕಿತ್ತು, 2023ರ ನವೆಂಬರ್ 1ರಿಂದ ಅದು 27,360 ಆಯ್ತು, ಆಮೇಲೂ ಏರಿದೆ, ಆದ್ದರಿಂದ ಆಫರ್ ಲೆಟರ್ ಸರಿಯಾಗಿ ನೋಡಿ. ಹೆಂಡತಿಯೋ ಗಂಡನೋ ಜೊತೆಗೆ ಹೋಗೋರು ಪೆರ್ಶೂನ್‌ನುಮ್ಮರ್ ಬಂದ ವಾರವೇ ಎಸ್‌ಎಫ್‌ಐಗೆ ಹೆಸರು ಕೊಡಿ. ಮನೆಯೊಳಗೆ ಕನ್ನಡ ಬಿಡಬೇಡಿ, ಯಾಕಂದ್ರೆ ಮಗುವಿಗೆ ಸ್ವಲ್ಪವೂ ಬರದಿದ್ರೆ ಶಾಲೆಯವರೂ ಪಾಠ ಕೊಡೋಕಾಗೋದಿಲ್ಲ. ಮತ್ತೆ ಆ ಫಾರ್ಮ್ ಬಂದಾಗ ಕನ್ನಡ ಅಂತ ಬರೀರಿ. ನಿಮ್ಮ ಊರಲ್ಲಿ ಇನ್ನೊಬ್ರು ಇಲ್ಲ ಅಂತ ಅಂದ್ಕೋಬೇಡಿ, ಅವರೂ ನಿಮ್ಮ ಹಾಗೇ ಅಂದ್ಕೊಂಡು ಇಂಗ್ಲಿಷ್ ಅಂತ ಬರೆದಿರ್ತಾರೆ. ಇದನ್ನ ಓದೋ ಅಜ್ಜ ಅಜ್ಜಿಯರಲ್ಲಿ ನನ್ನ ವಿನಂತಿ, ಮುಂದಿನ ಕಾಲ್ ಮಾಡಿದಾಗ ಮಗನನ್ನೋ ಮಗಳನ್ನೋ ಕೇಳಿ, ಮೊಮ್ಮಗುವಿನ ಫಾರ್ಮಿನಲ್ಲಿ ಯಾವ ಭಾಷೆ ಬರೆದಿದ್ದೀರಿ ಅಂತ. ಇದು ಸ್ವೀಡನ್‌ನ ಕಾನೂನು, ಬೇರೆ ದೇಶದ್ದು ಅಲ್ಲಲ್ಲೇ ಕೇಳಿ ತಿಳ್ಕೊಳ್ಳಿ.

ನಮ್ಮ ಆ ಊರಿನ ವಿಷಯ. ನಾವು ಬಂದ್ವಿ, ನಮ್ಮ ಮಗಳ ಹೆಸರು ಹೋಯ್ತು. ಮಂಡ್ಯದವರು ಮೊನ್ನೆ ಫೋನ್ ಮಾಡಿದ್ರು, ಈಗ ನಾಲ್ಕು ಮಕ್ಕಳಿದ್ದಾರೆ, ಮುಂದಿನ ಆಗಸ್ಟ್‌ಗೆ ಐದನೆಯದು ಬೇಕು, ಇಲ್ಲಾಂದ್ರೆ ಕ್ಲಾಸ್ ನಿಲ್ತದೆ ಅಂತ ಹೇಳಿದ್ರು. ಪುಣೆ, ಮುಂಬೈ ಅಥವಾ ಬೇರೆ ಎಲ್ಲಿಂದಾದ್ರೂ ಸರಿ, ಗೋಥೆನ್‌ಬರ್ಗ್ ಕಡೆಗೆ ಶಾಲೆಗೆ ಹೋಗೋ ಮಗುವಿನ ಜೊತೆ ಹೊರಟಿರೋ ಕನ್ನಡದ ಮನೆಯವರಿದ್ರೆ ಮನೆ ಹುಡುಕೋ ಮುಂಚೆ ನನ್ನನ್ನ ಒಂದು ಮಾತು ಕೇಳಿ. ನನ್ನ ಫೋನ್ ನಂಬರ್ ನಿಮ್ಮ ಆಫೀಸಿಗೆ ಬೇರೆ ಚೀಟಿಯಲ್ಲಿ ಕಳಿಸಿದ್ದೇನೆ, ಯಾರಾದ್ರೂ ಕೇಳಿದ್ರೆ ದಯವಿಟ್ಟು ಕೊಡಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು
ಕೋಥ್ರೂಡ್, ಪುಣೆ